ಕುಡಿದು ವಾಹನ ಓಡಿಸಿದ ಪ್ರಕರಣ: ಹಳ್ಳಿಯ ಠಾಣೆಯಿಂದ ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದವರ ಅನುಭವ

ಕೇಳಿದ್ದು: ನನ್ನ ತಮ್ಮನನ್ನು ಕುಡಿದು ಬೈಕ್ ಓಡಿಸುತ್ತಿದ್ದನೆಂದು ರಾತ್ರಿ ಹೋಬಳಿ ಠಾಣೆಗೆ ಕರೆದೊಯ್ದಿದ್ದಾರೆ. ಅಪಘಾತವಾಗಿಲ್ಲ, ಯಾರಿಗೂ ಪೆಟ್ಟಾಗಿಲ್ಲ. ನಾಳೆ ಭಾನುವಾರ, ನ್ಯಾಯಾಲಯ ಇರುವುದಿಲ್ಲ. ಜಾಮೀನಿಗೆ ಏನು ಬೇಕಾಗುತ್ತದೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗ ಒಂದು ಮದುವೆಯ ಊಟ ಮುಗಿಸಿ ಬರುವಾಗ ಹೀಗೆಯೇ ಸಿಕ್ಕಿಬಿದ್ದಾಗ ಠಾಣೆಗೆ ಓಡಿದವನು ನಾನು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಅಪರಾಧ ಜಾಮೀನು ನೀಡಬಹುದಾದದ್ದು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಅದಕ್ಕೆ ನ್ಯಾಯಾಧೀಶರ ಮುಂದೆಯೇ ಹೋಗಬೇಕೆಂದಿಲ್ಲ, ಠಾಣಾಧಿಕಾರಿಯೇ ಬಿಡಬಹುದು. ಆದ್ದರಿಂದ ಭಾನುವಾರವೆಂದು ಗಾಬರಿಪಡಬೇಕಾಗಿಲ್ಲ. ನಾನು ಅಂದು ಇದನ್ನು ತಿಳಿಯದೆ, ಬಾಗಿಲಲ್ಲಿ ಕೈಮುಗಿದು, ಏನೋ ದಯೆ ತೋರಿಸಿ ಎಂಬಂತೆ ಅಂಗಲಾಚುತ್ತ ಒಂದು ಗಂಟೆ ಕಳೆದಿದ್ದೆ.

ನಮಗೆ ಹೆಚ್ಚು ತಡವಾದದ್ದು ವೈದ್ಯಕೀಯ ಪರೀಕ್ಷೆಯಿಂದ. ಬಂಧಿಸಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ತಪಾಸಣೆ ಮಾಡಿಸಬೇಕು, ಇಲ್ಲವಾದರೆ ಬಂಧನದಿಂದ ಬಿಡಬೇಕು ಎಂದು ಅದೇ ಕಾಯ್ದೆಯ 202ನೇ ಕಲಮು ಹೇಳುತ್ತದೆ. ಪಟ್ಟಣದಲ್ಲಿ ಇದು ಸಲೀಸು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹತ್ತರ ಮೇಲೆ ವೈದ್ಯರಿರಲಿಲ್ಲವಾದ್ದರಿಂದ ಜೀಪು ತಾಲ್ಲೂಕು ಆಸ್ಪತ್ರೆಗೆ ತಿರುಗಿತು. ವೈದ್ಯರು ಅವನನ್ನು ಕಾರಿಡಾರಿನ ಟೈಲ್ಸಿನ ಗೆರೆಯ ಮೇಲೆ ನೇರವಾಗಿ ನಡೆಸಿ, ಕಣ್ಣಿಗೆ ಟಾರ್ಚು ಹಿಡಿದು, ಹೆಸರು ಹೇಳಿಸಿ, ರಕ್ತದ ಮಾದರಿ ತೆಗೆದುಕೊಂಡರು. ಬಂಧಿಸಿದ ಸಮಯವನ್ನೂ ತಪಾಸಣೆಯ ಸಮಯವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ವಕೀಲರು ಮೊದಲು ಕೇಳುವುದೇ ಅದನ್ನು. ಎರಡು ಗಂಟೆ ಮೀರಿದರೆ ಪ್ರಕರಣವೇ ಬಿದ್ದುಹೋಗುತ್ತದೆಂದು ಊರಿನಲ್ಲಿ ಹೇಳುವವರಿದ್ದಾರೆ, ಆದರೆ ಆ ಕಲಮು ಹೇಳುವುದು ಬಂಧನದಿಂದ ಬಿಡುವ ಮಾತನ್ನು ಮಾತ್ರ.

ಜಾಮೀನುದಾರರಾಗಿ ಸ್ಥಿರ ವಿಳಾಸವಿರುವ ಪರಿಚಯಸ್ಥರೊಬ್ಬರನ್ನು ಕರೆದೊಯ್ಯಿರಿ. ನಮ್ಮಲ್ಲಿ ಅವರ ಆಧಾರ್ ಕಾರ್ಡು, ಪಹಣಿ ಮತ್ತು ಎರಡು ಫೋಟೊ ಕೇಳಿದರು. ಅಷ್ಟು ಹೊತ್ತಿನಲ್ಲಿ ಜೆರಾಕ್ಸ್ ಸಿಗುವುದಿಲ್ಲ, ಆದ್ದರಿಂದ ಪ್ರತಿಗಳನ್ನು ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಇನ್ನೊಂದು ಮಾತು ಹೇಳಲು ನಾಚಿಕೆಯಾಗುತ್ತದೆ: ನಾನು ಅವಸರದಲ್ಲಿ ಎಬ್ಬಿಸಿಕೊಂಡು ಹೋದ ಭಾವನವರೂ ಅದೇ ಮದುವೆಯ ಊಟದಿಂದ ಬಂದವರಾಗಿದ್ದರು. ಮುಚ್ಚಳಿಕೆಗೆ ಸಹಿ ಹಾಕಲು ಅವರು ಬಗ್ಗಿದಾಗ ಹೆಡ್ ಕಾನ್‌ಸ್ಟೇಬಲ್ ಪೆನ್ನನ್ನು ಹಿಂದಕ್ಕೆ ಎಳೆದುಕೊಂಡು, "ನೀವು ಹೋಗಿ ಮಲಗಿ, ಬೇರೆಯವರನ್ನು ಕಳಿಸಿ" ಎಂದರು. ಕೊನೆಗೆ ಚಿಕ್ಕಪ್ಪನೇ ಬಂದು ಸಹಿ ಹಾಕುವಾಗ ಬೆಳಗಿನ ಜಾವ ಮೂರಾಗಿತ್ತು.

ಎರಡನೆಯ ಉತ್ತರ:
ಬಿಡಿಸಿಕೊಂಡು ಹೋದವರ ಮಾತಾಯಿತು, ನಾನು ಒಳಗೆ ಕುಳಿತಿದ್ದವನು. ಊದಲು ಹೇಳಿದಾಗ ಹಟ ಮಾಡಿ ನಿರಾಕರಿಸಿದ್ದೆ. ಸಕಾರಣವಿಲ್ಲದೆ ನಿರಾಕರಿಸಿದರೆ ಅದೇ ನಮ್ಮ ವಿರುದ್ಧ ಬಳಕೆಯಾಗುತ್ತದೆಂದು ಆಮೇಲೆ ತಿಳಿಯಿತು. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ನನ್ನ ರಕ್ತದ ವರದಿ ಅದನ್ನು ಎಷ್ಟೋ ಮೀರಿತ್ತು.

ನನ್ನ ದೊಡ್ಡ ತಪ್ಪು ಜಾಮೀನಿನ ನಂತರದ್ದು. ಬಿಟ್ಟರಲ್ಲ, ಮುಗಿಯಿತು ಎಂದು ಸುಮ್ಮನಾದೆ. ಈ ಅಪರಾಧವನ್ನು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸಲು ಅವಕಾಶವಿಲ್ಲ, ನ್ಯಾಯಾಲಯಕ್ಕೆ ಹೋಗಲೇಬೇಕು. "ಇಲ್ಲೇ ಕೊಟ್ಟುಬಿಡಿ, ಕೇಸು ಬೇಡ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾನು ತಾರೀಖು ತಪ್ಪಿಸಿದೆ, ವಾರಂಟು ಹೊರಟಿತು, ಜಾಮೀನು ನಿಂತಿದ್ದ ಮಾವನವರು ನನ್ನಿಂದಾಗಿ ನ್ಯಾಯಾಲಯದ ಕಟ್ಟೆಯ ಮೇಲೆ ಒಂದು ದಿನ ಕುಳಿತರು. ಆ ವಿಷಯ ಅವರು ಇಂದಿಗೂ ಎತ್ತಿಲ್ಲ. ಅದೇ ನನಗೆ ಕಷ್ಟ. ತಪ್ಪೊಪ್ಪಿಕೊಂಡ ಮೇಲೆ ನನಗೆ ಬಿದ್ದದ್ದು ದಂಡ ಮಾತ್ರ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು.

ಲೈಸೆನ್ಸ್ ತೆಗೆದುಕೊಂಡಿದ್ದರೆ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ, ಆದರೆ ಆ ಚೀಟಿ ಹಿಡಿದು ಗಾಡಿ ಓಡಿಸುವಂತಿಲ್ಲ. ಬೈಕ್ ತರಲು ಲೈಸೆನ್ಸ್ ಇರುವ, ಕುಡಿಯದ ಒಬ್ಬರು ಆರ್‌ಸಿ ಮತ್ತು ವಿಮೆಯ ಪ್ರತಿಯೊಂದಿಗೆ ಹೋಗಲಿ.

ಮೂರನೆಯ ಉತ್ತರ:
ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಮಾಡುವವನಾಗಿ ಎರಡು ಮಾತು ಸೇರಿಸುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮಿನಂತೆ ಜಾಮೀನು ನೀಡಬಹುದಾದ ಅಪರಾಧದಲ್ಲಿ ಬಿಡುಗಡೆ ಆರೋಪಿಯ ಹಕ್ಕು. ಜಾಮೀನುದಾರರನ್ನು ಒದಗಿಸಲಾಗದ ಬಡವನಾದರೆ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಮೇಲಿನ ಸಹೋದರರು ಹೇಳಿದಂತೆ ತಾರೀಖು ತಪ್ಪಿಸಿದರೆ, ಅದೇ ಪ್ರಕರಣದಲ್ಲಿ ಮತ್ತೆ ಜಾಮೀನು ಕೇಳಿದಾಗ ನ್ಯಾಯಾಲಯ ನಿರಾಕರಿಸಬಹುದು. ಯಾರಾದರೂ ಸತ್ತಿದ್ದರೆ ಬೇರೆ ಕಲಮುಗಳು ಸೇರುವುದರಿಂದ ಈ ಯಾವ ಸಲಹೆಯನ್ನೂ ಹಾಗೆಯೇ ಅನ್ವಯಿಸಬೇಡಿ.

ಬೆಳಗಾದರೂ ಠಾಣೆಯಲ್ಲಿ ಬಿಡದಿದ್ದರೆ, ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು, ರಜಾ ದಿನವಾದರೆ ಅವರ ನಿವಾಸದಲ್ಲಿ. ವಕೀಲರು ಸಿಗದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ದೊರೆಯುತ್ತಾರೆ. ಠಾಣೆಗೆ ಹೊರಡುವಾಗ ನಿಮ್ಮ ತಮ್ಮನಿಗೆ ಒಂದು ಅಂಗಿ ಮತ್ತು ಕುಡಿಯುವ ನೀರನ್ನೂ ಒಯ್ಯಿರಿ.