ಆರು ತಿಂಗಳ ಮಗಳು ಕ್ಯಾರೆಟ್ ಉಗುಳುತ್ತಾಳೆ

ಪ್ರಶ್ನೆ (ಮೈಸೂರು): ಮಗಳಿಗೆ ಆರು ತಿಂಗಳು ತುಂಬಿ ಹನ್ನೆರಡು ದಿನವಾಯಿತು. ರಾಗಿ ಸರಿಯನ್ನು ಚಪ್ಪರಿಸುತ್ತಾಳೆ. ಕ್ಯಾರೆಟ್ ಬೇಯಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಕೊಟ್ಟರೆ ಮಾತ್ರ ನಾಲಿಗೆಯಿಂದ ಹೊರಗೆ ತಳ್ಳುತ್ತಾಳೆ. ನಿನ್ನೆ ನನ್ನ ಬಿಳಿ ಕುರ್ತಾ ಬಲಿಯಾಯಿತು. ಅತ್ತೆಯವರು ಚಿಟಿಕೆ ಉಪ್ಪು ಹಾಕು ಎನ್ನುತ್ತಾರೆ. ಇನ್ನು ಕಚೇರಿಗೂ ಮರಳಬೇಕು. ಒಮ್ಮೆಗೇ ಮಾಡಿಟ್ಟರೆ ಎಷ್ಟು ದಿನ ಇಡಬಹುದು?

ಉತ್ತರ 1 (ಶಿರಸಿ, ಎರಡು ಮಕ್ಕಳ ತಾಯಿ): ಉಪ್ಪು, ಸಕ್ಕರೆ, ಜೇನು ಮೂರೂ ಒಂದು ವರ್ಷದವರೆಗೆ ಬೇಡ. ಅತ್ತೆಯವರಿಗೆ ಡಾಕ್ಟರ್ ಬಾಯಿಂದಲೇ ಹೇಳಿಸಿ, ಮನೆಯಲ್ಲಿ ಜಗಳ ತಪ್ಪುತ್ತದೆ. ಕ್ಯಾರೆಟ್ ಬಿಟ್ಟು ಸಿಹಿಗುಂಬಳ ಕೊಟ್ಟು ನೋಡಿ. ಸಿಪ್ಪೆ, ಬೀಜ ತೆಗೆದು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಿ. ನೀರಿನಲ್ಲಿ ಬೇಯಿಸಿದರೆ ರುಚಿ ನೀರಿಗೆ ಹೋಗುತ್ತದೆ. ಸೌಟಿನ ಬೆನ್ನಿನಿಂದ ಮಸೆದು, ಎದೆಹಾಲಿನಲ್ಲಿ ಸಡಿಲಿಸಿ, ಎರಡು ಹನಿ ತುಪ್ಪ ಬಿಡಿ. ಎರಡೇ ಚಮಚ ಸಾಕು. ನನ್ನ ಹಿರಿಯವನು ಬೀನ್ಸನ್ನು ಒಂಬತ್ತನೇ ಸಲಕ್ಕೆ ನುಂಗಿದ. ಅಷ್ಟರಲ್ಲಿ ನಾನೇ ಅರ್ಧ ಕಿಲೋ ತಿಂದಿದ್ದೆ.

ಉತ್ತರ 2 (ಬೆಂಗಳೂರು, ತಂದೆ): ಐಸ್ ಟ್ರೇಯಲ್ಲಿ ಗಟ್ಟಿಮಾಡಿ ಡಬ್ಬಿಗೆ ಹಾಕಿದರೆ ಫ್ರೀಜರ್‌ನಲ್ಲಿ ಒಂದು ತಿಂಗಳು ಇಡಬಹುದು. ಫ್ರಿಜ್‌ನಲ್ಲಾದರೆ ಮರುದಿನದೊಳಗೆ ಮುಗಿಸಿ. ಮಗುವಿನ ಎಂಜಲು ಚಮಚ ತಾಗಿದ್ದನ್ನು ಮತ್ತೆ ಎತ್ತಿಡಬೇಡಿ.

ಉತ್ತರ 3 (ಶಿರಸಿಯವರೇ ಮತ್ತೆ): ನಮ್ಮೂರಿನ ಮಳೆಗಾಲದ ಕರೆಂಟನ್ನು ನಂಬಿ ಫ್ರೀಜರ್ ತುಂಬಿಸುವಂತಿಲ್ಲ. ನಾನು ದಿನವೂ ಅನ್ನದ ಕುಕ್ಕರಿನಲ್ಲೇ ಒಂದು ಬಟ್ಟಲು ಇಡುತ್ತಿದ್ದೆ.

ಪ್ರಶ್ನೆ ಕೇಳಿದವರು: ಇಂದು ಕುಂಬಳ ಒಂದೂವರೆ ಚಮಚ ಒಳಗೆ ಹೋಯಿತು. ಉಳಿದದ್ದು ಹುಬ್ಬಿನ ಮೇಲಿದೆ.