ಪ್ರಶ್ನೋತ್ತರ: ಕಡಿಮೆ ಬೆಲೆಯ ಜೋಡುನಳಿಗೆ ಕೋವಿ (ಪುಣೆ ಕನ್ನಡಿಗರ ಗುಂಪು)

ಕೋಥ್ರೂಡ್ ಸದಸ್ಯ: ನಮಸ್ಕಾರ ಸರ್. ಕಮಿಷನರ್ ಕಚೇರಿಯಿಂದ ಲೈಸೆನ್ಸ್ ಬಂತು. ಹಳೆಯ 12 ಬೋರ್ (ನಳಿಗೆಯ ಒಳ ಅಗಲದ ಅಳತೆ) ಜೋಡುನಳಿಗೆ ಅಗ್ಗಕ್ಕೆ ಸಿಗ್ತಿದೆ. ನಳಿಗೆ ಮೇಲೆ ಹಾವಿನ ಮೈ ತರಹ ಗೆರೆಗಳಿವೆ. ಬುಡದಲ್ಲಿ 65 ಅಂತ ಅಚ್ಚಿದೆ. ರೇಂಜ್‌ನಲ್ಲಿ ಎರಡು ತೋಟಾ ಹೊಡೆದು ನೋಡಲಾ?

ಕೋವಿ ರಿಪೇರಿಯವರು: ದಯವಿಟ್ಟು ಹೊಡೆಯಬೇಡಿ. 65 ಅಂದರೆ ತೋಟಾ ಕೂರುವ ಜಾಗದ ಉದ್ದ, ಮಿಲಿಮೀಟರ್‌ನಲ್ಲಿ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 70ರದ್ದು. ಅದು ಸಲೀಸಾಗಿ ಒಳಗೆ ಕೂರುತ್ತದೆ, ಮೋಸ ಇರುವುದೇ ಅಲ್ಲಿ. 70 ಎನ್ನುವುದು ಹೊಡೆದ ಮೇಲಿನ ಉದ್ದ. ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಆ ಗೆರೆಗಳು ಡಮಾಸ್ಕಸ್ ನಳಿಗೆಯದು. ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಬೆಸುಗೆಯೊಳಗೆ ತುಕ್ಕು ಹಿಡಿದಿದ್ದರೆ ಹೊರಗಿಂದ ಕಾಣುವುದಿಲ್ಲ. ಒಡೆದರೆ ಹೋಗುವುದು ಎಡಗೈ. ಮುಂದಿನ ಮರದ ತುಂಡು ತೆಗೆದು ನಳಿಗೆ ಅಲುಗಾಡಿಸಿ, ಸಡಿಲವಿದ್ದರೆ ಬಿಟ್ಟುಬಿಡಿ. ನಳಿಗೆ ನೇತುಹಾಕಿ ಉಗುರಲ್ಲಿ ತಟ್ಟಿ. ಟಣ್ ಅನ್ನಬೇಕು. ದಬ್ ಅಂದರೆ ಎರಡು ನಳಿಗೆ ಜೋಡಿಸುವ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ಇದೆಲ್ಲ ಸರಿಯಿದ್ದರೂ ನಳಿಗೆಯ ದಪ್ಪ ಅಳೆಯದೆ ನಾನು ಹೂಂ ಅನ್ನುವುದಿಲ್ಲ. ದುಡ್ಡು ಕೊಡುವ ಮೊದಲು ಡೀಲರ್ ಜೊತೆ ತೋರಿಸಿ.

ಹಡಪ್ಸರ್ ಸದಸ್ಯ: ಸರ್, ಗೌಜಲಹಕ್ಕಿ, ಕಾಡುಕೋಳಿಗೆ ಯಾವ ಚರೆ ಒಳ್ಳೇದು?

ಕೋವಿ ರಿಪೇರಿಯವರು: ಬೇಟೆ ಅಪರಾಧ. 1972ರ ವನ್ಯಜೀವಿ ಕಾಯ್ದೆ ಓದಿ. ರೇಂಜ್‌ನಲ್ಲಿ ಗುರಿಗೆಂದು ಹಾರಿಸುವ ಮಣ್ಣಿನ ಬಿಲ್ಲೆಗೆ ಹೊಡೆಯಿರಿ.

ಪಿಂಪ್ರಿ ಸದಸ್ಯೆ: ಫಾರ್ವರ್ಡ್ ಬಂದಿದೆ: ಮಳೆಗಾಲದಲ್ಲಿ ನಳಿಗೆಗೆ ಕೊಬ್ಬರಿ ಎಣ್ಣೆ ತುಂಬಿಡಿ, ತುಕ್ಕಿಗೆ ಟಾಯ್ಲೆಟ್ ಆ್ಯಸಿಡ್ ಹಾಕಿ ಅಂತ. ಸರೀನಾ?

ಕೋವಿ ರಿಪೇರಿಯವರು: ಸರಿಯಲ್ಲ! ಆ್ಯಸಿಡ್ ಉಕ್ಕನ್ನೇ ತಿನ್ನುತ್ತದೆ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ. ನಳಿಗೆಯಲ್ಲಿ ಎಣ್ಣೆ ನಿಂತಿರುವಾಗ ಹೊಡೆಯಲೇಬಾರದು. ಒರೆಸಿ, ಗನ್ ಆಯಿಲ್ ತೆಳ್ಳಗೆ ಸವರಿ, ಚರ್ಮದ ಚೀಲದಿಂದ ಹೊರಗಿಡಿ. ಇಂಥದ್ದನ್ನು ಇಲ್ಲಿ ಹಾಕಬೇಡಿ, ಯಾರಾದರೂ ಮಾಡಿಬಿಡುತ್ತಾರೆ.

ಔಂಧ್ ಸದಸ್ಯ, ಊರು ವಿರಾಜಪೇಟೆ: ನಮ್ಮ ಕೊಡವರಿಗೆ ಲೈಸೆನ್ಸ್ ಗೋಜೇ ಇಲ್ಲ. ವಿನಾಯಿತಿ 2029ರ ವರೆಗೆ ಇದೆ.

ಹಡಪ್ಸರ್ ಸದಸ್ಯ: ನಿಮಗೊಂದು ಕಾನೂನು, ನಮಗೊಂದಾ?

ಔಂಧ್ ಸದಸ್ಯ: ಕೈಲ್ ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವವರು ನಾವು. ನೀವು ಹಕ್ಕಿ ಹೊಡೆಯಲು ಕೇಳ್ತಿದ್ದೀರಿ.

ಹಡಪ್ಸರ್ ಸದಸ್ಯ: ನಿಮ್ಮ ತಾತ ಹೊಡೆಯಲಿಲ್ವಾ?

ಔಂಧ್ ಸದಸ್ಯ: ತಾತನ ಸುದ್ದಿಗೆ ಬರಬೇಡಿ.

ವಾಕಡ್ ಸದಸ್ಯ: ನಾನು ಎಡಗೈಯವನು. ಸ್ಟಾಕ್ (ಹೆಗಲಿಗೆ ಆನಿಸುವ ಮರ) ಬದಲಿಸಬೇಕಾ ಸರ್?

ಹಡಪ್ಸರ್ ಸದಸ್ಯ: ಸತ್ಯ ಹೇಳಿದರೆ ಸಿಟ್ಟು!

ಬಾಣೇರ್ ಸದಸ್ಯ: 65ರ ಕೋವಿಗೆ 70ರ ತೋಟಾ ನಡೆಯುತ್ತಾ?

ಕೋವಿ ರಿಪೇರಿಯವರು: ಇಲ್ಲ. ಮೇಲೆ ಬರೆದಿದ್ದೇನೆ.

ಬಾಣೇರ್ ಸದಸ್ಯ: ಒಂದೇ ಒಂದು?

ಕೋವಿ ರಿಪೇರಿಯವರು: ಒಂದೂ ಇಲ್ಲ. ಇನ್ನೊಂದು: 20 ಬೋರ್ ತೋಟಾ 12ರ ಜೊತೆ ಒಂದೇ ಜೇಬಿನಲ್ಲಿ ಇಡಬೇಡಿ. ಸಂಖ್ಯೆ ದೊಡ್ಡದಾದರೂ 20 ಸಣ್ಣ ತೋಟಾ, 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಖಾಲಿ ಅಂತ ಹಿಂದೆ 12 ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ಕ್ಕೆ ಹಳದಿ ಬಣ್ಣ ಇರುವುದೇ ಅದಕ್ಕೆ.

ಕೋಥ್ರೂಡ್ ಸದಸ್ಯ: ಡೀಲರ್‌ಗೆ ಹೇಳಿದೆ ಸರ್. ಶನಿವಾರ ಇಬ್ಬರೂ ನಿಮ್ಮ ಅಂಗಡಿಗೆ ಬರುತ್ತೇವೆ.

ಕೋವಿ ರಿಪೇರಿಯವರು: ಬನ್ನಿ. ತೋಟಾ ತರಬೇಡಿ.