‘ಮನಿ ಮಂದಿ’ ಗುಂಪಿನಾಗ ಜಾರ್ಜ್ ಜಗಳ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಮನಿ ಮಂದಿ’. ಹುಬ್ಬಳ್ಳಿ, ಗದಗ, ಬೆಂಗಳೂರು, ಮಂಗಳೂರು ಎಲ್ಲಾ ಕಡೆಯವರೂ ಇದ್ದೇವೆ. ವರ್ಷದ ಮುನ್ನೂರು ದಿನ ಅಲ್ಲಿ ಗುಡ್ ಮಾರ್ನಿಂಗ್ ಗುಲಾಬಿ ಬಿಟ್ಟರೆ ಬೇರೇನೂ ಅರಳುವುದಿಲ್ಲ. ಕಳೆದ ಭಾನುವಾರ ಸಂಜೆ ಮಂಜು, ಕಾರ್ಮಿಕ ನಾಯಕರಾಗಿದ್ದು ಆಮೇಲೆ ಕೇಂದ್ರ ಮಂತ್ರಿಯಾದ ಜಾರ್ಜ್ ಫರ್ನಾಂಡಿಸ್ ಬಗ್ಗೆ ಒಂದು ಫಾರ್ವರ್ಡ್ ಹಾಕಿದ. ಆಮೇಲೆ ನಡೆದದ್ದನ್ನು ಕಾಕಾ-ಕಾಕು ಇಬ್ಬರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಸ್ಟಿಕರ್‌ಗಳನ್ನು ತೆಗೆದಿದ್ದೇನೆ. ಕಂಸದೊಳಗಿನ ಮಾತು ನನ್ನದು.

ಮಂಜು: *[ಫಾರ್ವರ್ಡ್]* ಬೇಡಿ ಹಾಕಿದ ಕೈ ಎತ್ತಿ ನಿಂತ ಈ ಮನುಷ್ಯ ಯಾರು ಗೊತ್ತೇ? ಮಂಗಳೂರಿನಲ್ಲಿ ಹುಟ್ಟಿ, ಮುಂಬೈ ಬೀದಿಯಲ್ಲಿ ಮಲಗಿ, ಏಕಾಂಗಿಯಾಗಿ ಇಡೀ ದೇಶದ ರೈಲು ನಿಲ್ಲಿಸಿದ ವೀರ! ಕೋಕಾಕೋಲಾ ಕಂಪನಿಯನ್ನು ಓಡಿಸಿದ ಗಂಡುಗಲಿ! ಇವರೇ ನಿಜವಾದ ಸ್ಟ್ರೀಟ್ ಫೈಟರ್ ಜಾರ್ಜ್ ಫರ್ನಾಂಡಿಸ್!! ಕನ್ನಡಿಗರಾಗಿದ್ದರೆ ಹತ್ತು ಮಂದಿಗೆ ಕಳಿಸಿ 🔥🔥

ಶೈಲಕ್ಕ ಗದಗ: 🙏🙏🙏

ಸುಜಾತಾ ಅತ್ತಿಗೆ: ನಮ್ಮ ಊರಿನವರು ಮಾರಾಯ್ರೆ! ಪಾದ್ರಿ ಆಗ್ಲಿಕ್ಕೆ ಅಂತ ಬೆಂಗಳೂರಿನ ಸೆಮಿನರಿಗೆ ಹೋದವರು. ಅಲ್ಲಿ ದೊಡ್ಡವರಿಗೆ ಎತ್ತರದ ಮೇಜು, ಒಳ್ಳೆ ಊಟ, ಹುಡುಗರಿಗೆ ಬೇರೆ. ಅದು ಕಂಡು ಆಗದೆ ಬಿಟ್ಟು ಬಂದದ್ದು ಅಂತ ಅವರೇ ಹೇಳಿದ್ದುಂಟು. ಮುಂಬೈಗೆ ಹೋಗುವ ಮೊದಲು ಇಲ್ಲಿ ಹೋಟೆಲಿನಲ್ಲಿ ದುಡಿಯುವವರ ಸಂಘ ಕಟ್ಟಿದ್ರು. ಕೊಂಕಣ ರೈಲು ಸಹ ಅವರು ಹಟ ಹಿಡಿದು ಶುರು ಮಾಡಿಸಿದ್ದು.

ಪ್ರವೀಣ ಬೆಂಗಳೂರು: ಕೊಂಕಣ ರೈಲು ಓಕೆ. ಆದ್ರೆ ಸ್ಟ್ರೀಟ್ ಫೈಟರ್ ಅನ್ನೋದು ಹೊಗಳಿಕೆ ಹೇಗಾಗುತ್ತೆ? ಬಂದ್ ಮಾಡ್ಸೋದು, ರಸ್ತೆ ತಡೆಯೋದು. ಕೂಲಿಯವನಿಗೆ ಅವತ್ತಿನ ದುಡ್ಡು ಹೋಯ್ತು, ಆಸ್ಪತ್ರೆಗೆ ಹೋಗೋನು ಅರ್ಧ ದಾರೀಲಿ. ಮಮತಾ ಬ್ಯಾನರ್ಜಿಗೂ ಇದೇ ಬಿರುದು. ಟಾಟಾ ಕಾರ್ ಕಾರ್ಖಾನೆಗೆ ರೈತರ ಜಮೀನು ತಗೊಂಡಿದ್ದಕ್ಕೆ ಬಂಗಾಳದ ಸಿಂಗೂರಲ್ಲಿ ಧರಣಿ ಕೂತ್ರು, 2008ರಲ್ಲಿ ನ್ಯಾನೋ ಕಾರ್ಖಾನೆ ಗುಜರಾತಿಗೆ ಹೋಯ್ತು. ಮುಖ್ಯಮಂತ್ರಿ ಆದ್ಮೇಲೂ 2019ರಲ್ಲಿ ಪೊಲೀಸ್ ಕಮಿಷನರ್ ಪರ ಬೀದೀಲಿ ಧರಣಿ! ಸರ್ಕಾರ ಅವರದೇ, ಬೀದಿನೂ ಅವರದೇ. ಯಾರ ವಿರುದ್ಧ ಧರಣಿ?

ಸ್ಮಿತಾ: ಪ್ರವೀಣ ಮಾಮಾ, ರೊಕ್ಕ ಇದ್ದವರಿಗೆ ಪೇಪರ್ ಐತಿ, ಟಿವಿ ಐತಿ, ವಕೀಲರು ಅದಾರ. ಇಲ್ಲದವರಿಗೆ ಬೀದಿ ಬಿಟ್ರ ಏನೈತಿ? 1967ರ ಚುನಾವಣಿ ನೋಡ್ರಿ. ದಕ್ಷಿಣ ಮುಂಬೈದಾಗ ಎಸ್.ಕೆ. ಪಾಟೀಲ. ಕೇಂದ್ರದ ರೈಲ್ವೆ ಮಂತ್ರಿ, ಮುಂಬೈಗೆ ಕಿರೀಟ ಇಲ್ಲದ ರಾಜಾ ಅಂತಿದ್ರು. ಅವರ ಎದುರು ಜಾರ್ಜ್, 36 ವರ್ಷದಾಂವ. ಹಿಂದ ಇದ್ದವರು ಟ್ಯಾಕ್ಸಿ ಡ್ರೈವರು, ಮುನಿಸಿಪಾಲ್ಟಿ ಕೆಲಸದವರು. ಸೋಲಿಸಿದ್ರು. ಮಮತಾನೂ ಪುಗಸಟ್ಟೆ ಆ ಹೆಸರು ಗಳಿಸಿಲ್ಲ. 1990ರಾಗ ಕೋಲ್ಕತಾದ ಹಾಜ್ರಾ ಕ್ರಾಸಿನಾಗ ಆಕಿ ತಲಿ ಒಡದಿದ್ರು. ಮತ್ತ ಸಿಂಗೂರು ಜಮೀನು ರೈತರಿಗೆ ವಾಪಸ್ ಕೊಡ್ರಿ ಅಂತ 2016ರಾಗ ಸುಪ್ರೀಂ ಕೋರ್ಟೇ ಹೇಳ್ತು. ಅದನ್ನ ಬಿಟ್ಟು ಬರೇ ನ್ಯಾನೋ ಅಂದ್ರ ಹೆಂಗ?

(ಸ್ಮಿತಾ ನನ್ನ ಮಗಳು. ಧಾರವಾಡದಲ್ಲಿ ಕಾನೂನು ಓದುತ್ತಾಳೆ. ಮನೆಯಲ್ಲೂ ಹೀಗೇ.)

ಪ್ರವೀಣ ಬೆಂಗಳೂರು: ತಲೆ ಒಡೆದಿದ್ದು ನಿಜ, ಒಪ್ಕೊಂಡೆ. 1993 ಜುಲೈ 21ಕ್ಕೆ ಅವರು ಕರೆ ಕೊಟ್ಟ ಮೆರವಣಿಗೆ ಮೇಲೆ ಗೋಲಿಬಾರ್ ಆಯ್ತಲ್ಲ, 13 ಜನ ಸತ್ರು. ಪ್ರತಿ ವರ್ಷ ಆ ದಿನ ಕೋಲ್ಕತಾದಲ್ಲಿ ದೊಡ್ಡ ಸಭೆ. ವೇದಿಕೆ ಮೇಲೆ ಯಾರು ಮಾತಾಡ್ತಾರೆ? ಸತ್ತ 13 ಜನರಲ್ಲಿ ಒಬ್ಬರ ಹೆಸರು ಹೇಳು ನೋಡೋಣ.

ಸ್ಮಿತಾ: ನಿಮಗ ಗೊತ್ತೈತೇನು?

ಪ್ರವೀಣ ಬೆಂಗಳೂರು: ಇಲ್ಲ. ಅದನ್ನೇ ಹೇಳ್ತಿರೋದು.

ಮಂಜು: ಅಯ್ಯ ನಾನು ಸುಮ್ಮನ ಫೋಟೋ ಹಾಕಿದ್ನೋ ಮಾರಾಯಾ. ಬಸುಕಾಕಾಗ ಖುಷಿ ಆಗ್ಲಿ ಅಂತ. 1974ರ ರೈಲ್ವೆ ಸ್ಟ್ರೈಕಿನಾಗ ಇದ್ದವರಲ್ಲ ಅವರು

(ಬಸುಕಾಕಾ ಗುಂಪಿನಲ್ಲಿ ಎಲ್ಲವನ್ನೂ ಓದುತ್ತಾರೆ, ಏನೂ ಬರೆಯುವುದಿಲ್ಲ. ಆವತ್ತು ‘ಟೈಪಿಂಗ್’ ಅಂತ ಬಹಳ ಹೊತ್ತು ತೋರಿಸುತ್ತಿತ್ತು. ನಡುವೆ ಶೈಲಕ್ಕ ‘ನಾಳಿ ಲಗ್ನಕ್ಕ ಯಾರ್ಯಾರು ಬರ್ತೀರಿ’ ಅಂತ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ.)

ಬಸುಕಾಕಾ: ಮಂಜು, ಫೋಟೋ ಚಲೋ ಐತಿ. ಅದರ ಕೆಳಗ ಏಕಾಂಗಿ ಅಂತ ಬರದಾರಲ್ಲ, ಅದು ಸುಳ್ಳು. ಪ್ರವೀಣ ಹೇಳೂದರಾಗ ಸ್ವಲ್ಪ ಖರೆ ಐತಿ.

ಬಸುಕಾಕಾ: ನಾನು ಆಗ ಲೋಕೋ ಶೆಡ್ಡಿನಾಗ ಫೈರ್‌ಮನ್. ಕಲ್ಲಿದ್ದಲಿ ಹಾಕಾಂವ. ಎಂಜಿನ್ ಹತ್ತೂ ಹೊತ್ತು ಗೊತ್ತಿರ್ತಿತ್ತು, ಇಳಿಯೂ ಹೊತ್ತು ದೇವರಿಗೆ ಗೊತ್ತು. ಎಂಟು ತಾಸಿನ ಡ್ಯೂಟಿ ಬೇಕು, ಬೋನಸ್ ಬೇಕು, ಬ್ಯಾರೆ ಸರ್ಕಾರಿ ಕಾರ್ಖಾನಿಯವರಿಗೆ ಕೊಟ್ಟಂಗ ಪಗಾರ ಬೇಕು ಅಂತ ಸ್ಟ್ರೈಕ್. ಮೇ 8ಕ್ಕ ಶುರು ಆತು, 27ಕ್ಕ ಮುಗೀತು. ಜಾರ್ಜ್ ಫರ್ನಾಂಡಿಸ್‌ನ ಮೇ 2ಕ್ಕ ಲಖನೌದಾಗ ಹಿಡದು ಒಳಗ ಹಾಕಿದ್ರು. ಅಂದ್ರ ಸ್ಟ್ರೈಕ್ ನಡಿಯೂ ಮುಂದ ಒಂದು ದಿನಾನೂ ಆತ ಬೀದ್ಯಾಗ ಇರಲಿಲ್ಲ.

ಬಸುಕಾಕಾ: ಗಾಡಿ ನಿಲ್ಲಿಸಿದವರು 17 ಲಕ್ಷ ಮಂದಿ. ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಡ್ರೈವರ್, ಗಾರ್ಡ್. ಹಂಗ ಬರೀರಿ ಬೇಕಾದ್ರ.

ಸ್ಮಿತಾ: ಅಜ್ಜಾ, ಅವರೇನು ಓಡಿ ಹೋಗಿದ್ರಾ? ಸ್ಟ್ರೈಕ್ ಸಲುವಾಗೇ ಜೇಲಿಗೆ ಹೋದ್ರು. ಮುಂದಿದ್ದವರನ್ನ ಮೊದಲ ಹಿಡೀತಾರ. ಎಲ್ಲಾ ಯೂನಿಯನ್‌ಗಳನ್ನ ಒಂದು ಕಡೆ ಕೂಡಿಸಿದವರು ಯಾರು? ಅವರಿಲ್ಲದ 17 ಲಕ್ಷ ಮಂದಿ ಒಂದ ದಿನ ಕೆಲಸ ನಿಲ್ಲಿಸ್ತಿದ್ರೇನು?

ಬಸುಕಾಕಾ: ನಿಲ್ಲಿಸ್ತಿರಲಿಲ್ಲ. ಅದನ್ನ ಒಪ್ತೀನಿ. ಧೈರ್ಯದಾಗ ಆತನ ಸಮ ಯಾರೂ ಇಲ್ಲ.

ನಾನು: ಕಾಕಾ, ತುರ್ತು ಪರಿಸ್ಥಿತಿಯಲ್ಲೂ ಇದೇ ಕಥೆ ಅಲ್ಲವೇ. ಅವರು ಭೂಗತರಾದರು, ವೇಷ ಬದಲಿಸಿ ಊರೂರು ತಿರುಗಿದರು. ಅವರು ಸಿಗಲಿಲ್ಲ ಅಂತ ಪೊಲೀಸರು ಜಾರ್ಜ್ ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ಜಾರ್ಜ್ ಅವರ ಗೆಳತಿ, ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಜೈಲಿಗೆ ಹಾಕಿದರು. ಆಸ್ತಮಾ ಇದ್ದ ಹೆಣ್ಣುಮಗಳು. ಜೈಲಿನಿಂದ ಬಿಟ್ಟ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಜಾರ್ಜ್ ಸಿಕ್ಕಿದ್ದು 1976ರ ಜೂನಿನಲ್ಲಿ, ಕಲ್ಕತ್ತೆಯಲ್ಲಿ. ಮಂಜು ಹಾಕಿದ ಬೇಡಿಯ ಫೋಟೋ ಬರೋಡಾ ಡೈನಮೈಟ್ ಕೇಸಿನ, ಅಂದರೆ ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದರು ಅನ್ನುವ ಆರೋಪದ ಕಾಲದ್ದು. ಜೈಲಿನಿಂದಲೇ ಮುಜಫ್ಫರ್‌ಪುರದಲ್ಲಿ ನಿಂತು ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಫೋಟೋದಲ್ಲಿ ಸ್ನೇಹಲತಾ ಇಲ್ಲ.

ಸ್ಮಿತಾ: ಪಪ್ಪಾ, ಸ್ನೇಹಲತಾ ಅವರನ್ನ ಜೇಲಿಗೆ ಹಾಕಿದ್ದು ಜಾರ್ಜ್ ಅಲ್ಲ, ಸರ್ಕಾರ. ತಪ್ಪು ಹೊರಸೂದು ಯಾರ ಮ್ಯಾಲೆ?

(ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರಾ ಇಲ್ಲ. ನಾನು ಹೇಳುತ್ತಿದ್ದುದು ತಪ್ಪಿನ ಲೆಕ್ಕ ಅಲ್ಲ, ಬಿರುದಿನ ಲೆಕ್ಕ. ಆದರೆ ಫೋನಿನಲ್ಲಿ ಅಷ್ಟು ಹೊತ್ತಿಗೆ ಯಾರು ಬಿಡಿಸಿ ಹೇಳುತ್ತಾರೆ.)

ಪ್ರವೀಣ ಬೆಂಗಳೂರು: ಕೋಕ್ ವಿಷಯವೂ ಅರ್ಧ ಸತ್ಯ. ವಿದೇಶಿ ಕಂಪನಿ ಪಾಲು ಶೇ. 40ಕ್ಕೆ ಇಳಿಸ್ಬೇಕು ಅನ್ನೋ ಕಾನೂನು 1973ರದ್ದು, ಇಂದಿರಾ ಸರ್ಕಾರದ್ದು. ಇವರು 1977ರಲ್ಲಿ ಕೈಗಾರಿಕಾ ಮಂತ್ರಿಯಾಗಿ ಅದನ್ನ ಬಿಗಿಯಾಗಿ ಹಿಡಿದ್ರು, ಕೋಕ್ ಬಿಟ್ಟು ಹೋಯ್ತು. ಗಂಡುಗಲಿ ಅಂತೆ.

ಪ್ರವೀಣ ಬೆಂಗಳೂರು: ಇನ್ನೊಂದು ತಮಾಷೆ ಕೇಳಿ. ಜಾರ್ಜ್, ಮಮತಾ ಇಬ್ರೂ ವಾಜಪೇಯಿ ಸಂಪುಟದಲ್ಲಿ ಮಂತ್ರಿಗಳು. ಇಬ್ರೂ ರೈಲ್ವೆ ಮಂತ್ರಿ ಆದವ್ರೇ, ಬೇರೆ ಬೇರೆ ಕಾಲಕ್ಕೆ. 2001ರಲ್ಲಿ ರಕ್ಷಣಾ ಖರೀದಿ ಲಂಚದ ತೆಹೆಲ್ಕಾ ಗಲಾಟೆ ಆದಾಗ ಜಾರ್ಜ್ ರಾಜೀನಾಮೆ ಕೊಡ್ಲಿ ಅಂತ ಹಟ ಮಾಡಿ ಸಂಪುಟ ಬಿಟ್ಟು ಬಂದಿದ್ದು ಮಮತಾ. ಒಬ್ಬ ಸ್ಟ್ರೀಟ್ ಫೈಟರ್ ಇನ್ನೊಬ್ಬರ ಮೇಲೆ 😄

ಸುಜಾತಾ ಅತ್ತಿಗೆ: ರಕ್ಷಣಾ ಮಂತ್ರಿ ಆದ ಮೇಲೆ ಸಹ ಬಟ್ಟೆ ತಾನೇ ಒಗೆಯುತ್ತಿದ್ದ ಜನ ಜಾರ್ಜ್. ಸಿಯಾಚಿನ್‌ಗೆ ಎಷ್ಟು ಸಲ ಹೋಗಿದ್ದಾರೆ! ಸೈನಿಕರಿಗೆ ಹಿಮದ ಸ್ಕೂಟರ್ ಬೇಕು ಅಂದ್ರೆ ಫೈಲು ಇಟ್ಟುಕೊಂಡು ಕೂತ ಅಧಿಕಾರಿಗಳನ್ನೇ ಅಲ್ಲಿಗೆ ಕಳಿಸಿದ್ದು. ಅದನ್ನು ಸಹ ಹೇಳಬೇಕಲ್ವಾ?

ಪ್ರವೀಣ ಬೆಂಗಳೂರು: 1979 ಜುಲೈನಲ್ಲಿ ಮೊರಾರ್ಜಿ ಸರ್ಕಾರವನ್ನ ಸಂಸತ್ತಲ್ಲಿ ಅದ್ಭುತವಾಗಿ ಸಮರ್ಥಿಸ್ಕೊಂಡು ಕೆಲವೇ ದಿನಕ್ಕೆ ರಾಜೀನಾಮೆ ಕೊಟ್ಟಿದ್ದನ್ನೂ ಹೇಳ್ಬೇಕಲ್ವಾ ಅತ್ತಿಗೆ?

ಸುಜಾತಾ ಅತ್ತಿಗೆ: ಅದು ರಾಜಕೀಯ ಬಿಡಿ.

(ಇಲ್ಲಿಗೆ ಎಲ್ಲರೂ ಊಟಕ್ಕೆ ಏಳುವ ಲಕ್ಷಣ ಇತ್ತು. ಅಷ್ಟರಲ್ಲಿ ಬಸುಕಾಕಾ ಅವರ ನಂಬರಿನಿಂದ ಒಂದು ಉದ್ದನೆಯ ವಾಯ್ಸ್ ಮೆಸೇಜ್ ಬಂತು. ದನಿ ಕಾಕುಂದು. ಕೇಳಿ ಕೇಳಿ ಬರೆದುಕೊಂಡಿದ್ದೇನೆ.)

ಕಾಕು (ದನಿ): ಏ ಮಂಜ್ಯಾ, ನಿಮ್ಮ ಕಾಕಾ ಅಷ್ಟು ದೊಡ್ಡದು ಬರದಾರಲ್ಲ, ಆವಾಗ ತಾವು ಎಲ್ಲಿದ್ರು ಅಂತ ಕೇಳು. ಊರ ಹೊರಗ ಯಾರದೋ ತೋಟದ ಪಂಪ್ ಮನ್ಯಾಗ ನಾಕೈದು ಮಂದಿ ಅಡಗಿ ಕುಂತಿದ್ರು. ರಾತ್ರಿ ಬ್ಯಾಟರಿ ಹಿಡಕೊಂಡು ಪೊಲೀಸರು ಬಂದ್ರ ಬಾಗಲಾ ತಗಿಯಾಕಿ ನಾನು. ಲಗ್ನ ಆಗಿ ವರ್ಷ ತುಂಬಿರಲಿಲ್ಲ. “ಗಂಡನ್ನ ಡ್ಯೂಟಿಗೆ ಕಳಸು, ಇಲ್ಲಾ ಕ್ವಾರ್ಟರ್ಸ್ ಬಿಡು” ಅಂದ್ರು. “ಊರಿಗೆ ಹೋಗ್ಯಾರ್ರೀ” ಅಂದೆ. “ಯಾವ ಊರು?” ತವರೂರು ಹೇಳಿದ್ರ ನಮ್ಮಪ್ಪನ ಎಳಕೊಂಡು ಬರ್ತಾರ. ಅದಕ್ಕ ಎಲ್ಲಮ್ಮನ ಗುಡ್ಡಕ್ಕ ಹೋಗ್ಯಾರ ಅಂದೆ. ಗುಡ್ಡದಾಗ ಹುಡುಕ್ಲಿ ಯಾರು ಹುಡುಕ್ತಾರ. ಮುಂದ ಒಂದಿನ ಸಾಮಾನೆಲ್ಲಾ ಹೊರಗ ಇಟ್ರು. ಹಂಡೆ, ಕೊಡ, ಹಾಸಿಗಿ. ಬೀಸೂ ಕಲ್ಲು ಎತ್ತಾಕ ಬರವಲ್ತು ಇಬ್ಬರು ಪೊಲೀಸರಿಗೂ. ಮ್ಯಾಲಿನದು ಬ್ಯಾರೆ, ಕೆಳಗಿನದು ಬ್ಯಾರೆ ಎತ್ರಪಾ ಅಂತ ನಾನ ಹೇಳಿಕೊಟ್ಟೆ. ಕಾಲ್ಮ್ಯಾಲೆ ಬಿದ್ದಿದ್ರ ಅದಕ್ಕೂ ನಮ್ಮ ಮ್ಯಾಲೆ ಕೇಸ್ ಹಾಕ್ತಿದ್ರು! ಕ್ವಾರ್ಟರ್ಸ್ ಸಾಲಿನಾಗ ಇದ್ದ ಹೆಣ್ಮಕ್ಕಳೆಲ್ಲಾ ಬೇವಿನ ಗಿಡದ ಕೆಳಗ ಕುಂತ್ವಿ. ಮೇ ತಿಂಗಳ ಬಿಸಲು. ಜಾರ್ಜ್ ಫರ್ನಾಂಡಿಸ್ ಅನ್ನೂ ಹೆಸರು ನನಗ ಆಗ ಗೊತ್ತ ಇದ್ದಿಲ್ಲ ನೋಡು.

ಮಂಜು: ಕಾಕು ನೀವ ನಿಜವಾದ ಸ್ಟ್ರೀಟ್ ಫೈಟರ್ 🔥🔥🙏

ಕಾಕು (ದನಿ): ನನಗ್ಯಾಕೋ ಆ ಹೆಸರು. ನಾನೇನು ಬೀದಿಗೆ ಬರ್ತೀನಿ ಅಂದಿದ್ನಾ? ತಂದು ಕುಂದ್ರಿಸಿದ್ರು. ಆ ತಾಂಬ್ರದ ಹಂಡೆ ಬಾಡಿಗಿ ಸಲುವಾಗಿ ಮಾರಿದ್ವಿ, ಅದು ಎಲ್ಲರ ಸಿಕ್ರ ತಂದುಕೊಡು.

(ನಾನು ಇಷ್ಟು ವರ್ಷ ಬಸುಕಾಕಾನ ಸ್ಟ್ರೈಕಿನ ಕಥೆ ಕೇಳಿದ್ದೇನೆ. ಅದರಲ್ಲಿ ತೋಟ ಇತ್ತು, ಘೋಷಣೆ ಇತ್ತು, ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿದ್ದು ಇತ್ತು. ಎಲ್ಲಮ್ಮನ ಗುಡ್ಡದ ಸುಳ್ಳೂ ಇತ್ತು, ಆದರೆ ಅದನ್ನು ಹೇಳಿದವರು ಕಾಕಾನೇ ಅಂತ ನಾವೆಲ್ಲ ತಿಳಿದಿದ್ದೆವು.)

ಬಸುಕಾಕಾ: ಆಕಿ ಹೇಳಿದ್ದು ಖರೆ. ಸಾವಿರಾರು ಮಂದಿ ಕೆಲಸ ಕಳಕೊಂಡ್ರು, ನಾನೂ ಅದರಾಗ ಒಬ್ಬ. 1977ರಾಗ ಮಧು ದಂಡವತೆ ರೈಲ್ವೆ ಮಂತ್ರಿ ಆದಮ್ಯಾಲೆ ತಿರುಗಿ ತಗೊಂಡ್ರು. ಅಲ್ಲಿತನಕ ಆಕಿ ತವರಿನವರು ಜ್ವಾಳ ಕಳಿಸಿದ್ದನ್ನ ತಿಂದೀವಿ.

ಪ್ರವೀಣ ಬೆಂಗಳೂರು: ಕಾಕಾ, ಹಂಗಾದ್ರೆ ಸ್ಟ್ರೈಕು ಸೋತಿದ್ದೇ ಅಲ್ವಾ? ಬೇಡಿಕೆ ಒಂದೂ ಸಿಗ್ಲಿಲ್ಲ, ಕೆಲಸ ಹೋಯ್ತು. ಜಾರ್ಜ್ ಮಂತ್ರಿ ಆದ್ರು.

ಬಸುಕಾಕಾ: ಆವತ್ತಿಗೆ ಸೋತ್ವಿ. ಆದರ 1979ರಾಗ ಬೋನಸ್ ಕೊಡಾಕ ಶುರು ಮಾಡಿದ್ರು. ಈಗ ವರ್ಷಾ ದಸರಾಕ್ಕ ಪೇಪರಿನಾಗ ಬರ್ತೈತಲ್ಲ, ರೈಲ್ವೆ ನೌಕರರಿಗೆ 78 ದಿನದ ಬೋನಸ್ ಅಂತ. ಅದರ ಬೇರು ಅಲ್ಲೈತಿ. ಸುಳ್ಳ ಸೋತೀವಿ ಅನಬ್ಯಾಡ. ಅದನ್ನ ಒಬ್ಬಾಂವ ಗೆದ್ದ ಅಂತನೂ ಅನಬ್ಯಾಡ.

ಸ್ಮಿತಾ: ಆದರ ಅಜ್ಜಾ, ಹೆಸರು ಯಾರಿಗರ ಒಬ್ಬರಿಗೆ ಬರಬೇಕಲ್ಲ. 17 ಲಕ್ಷ ಮಂದಿ ಫೋಟೋ ಹಾಕಾಕ ಆಗಂಗಿಲ್ಲ. ಒಬ್ಬರ ಹೆಸರು ಉಳದದ್ದಕ್ಕ ನಾವು ಇವತ್ತು ಇಷ್ಟರ ಮಾತಾಡಾಕತ್ತೀವಿ. ಇಲ್ಲಂದ್ರ ಅಜ್ಜಿ ಕಥಿ ಇವತ್ತೂ ಹೊರಗ ಬರ್ತಿರಲಿಲ್ಲ.

ಬಸುಕಾಕಾ: ಅದೂ ಖರೆ. ಹೆಸರು ಆತನ ಹತ್ರ ಇರ್ಲಿ. ಅದಕ್ಕ ನನ್ನ ತಕರಾರಿಲ್ಲ. ಏಕಾಂಗಿ ಅನ್ನೂದೊಂದು ತಗೀರಿ.

ಸ್ಮಿತಾ: ಒಂದು ಕೇಳ್ಲ್ಯಾ? ಮುಂದ ಹಿಂಗೆಲ್ಲಾ ಆಗ್ತೈತಿ ಅಂತ ಮೊದಲ ಗೊತ್ತಿದ್ರ, ಆವತ್ತು ಎಂಜಿನ್ ಇಳದು ಬರ್ತಿದ್ರೇನು?

ಬಸುಕಾಕಾ: ಬರ್ತಿದ್ದೆ. ಎಂಟು ತಾಸಿನ ಡ್ಯೂಟಿ ಸಲುವಾಗಿ. ಜಾರ್ಜ್ ಹೇಳಲಿ, ಬಿಡಲಿ.

ಕಾಕು (ದನಿ): ಮತ್ತೊಮ್ಮೆ ಹೋಗೂದಾದ್ರ ನನ್ನ ಕೇಳಿ ಹೋಗ್ರಿ.